‘ಬಹುದು’ ಬಿಡಬೇಡ

ಪ್ರೀತಿಯ ತಮ್ಮನಿಗೆ,

ಕೆಟ್ಟ ಗಾಳಿ ಮತ್ತು ರಕ್ತನಾಳದ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದಿದೆ. ಮೂರು ಕಡೆಯಿಂದ ವಾಪಸ್ ಬಂತು, ಇನ್ನು ಬರೆಯುವುದೇ ಬೇಡ ಅನಿಸಿದೆ ಎಂದಿದ್ದೀಯ. ಹಾಗನ್ನಬೇಡ. ಕಾಗುಣಿತ, ಉದ್ದ ಇವೆಲ್ಲ ತಾನಾಗಿ ಸರಿಹೋಗುತ್ತವೆ.

ದೇಹದೊಳಗಿನ ಕಸ ನುಂಗಿ ತೆಗೆಯುವ ಮ್ಯಾಕ್ರೊಫೇಜ್ ಕೋಶವನ್ನು ಬೀದಿ ಗುಡಿಸುವವರಿಗೆ ಹೋಲಿಸಿದ್ದು ತುಂಬ ಹಿಡಿಸಿತು. ರಕ್ತನಾಳದ ಗೋಡೆಯೊಳಗೆ ಕೆಟ್ಟುಹೋದ, ಕೊಲೆಸ್ಟ್ರಾಲ್ ಹೊರುವ ಕಣವಾದ ಎಲ್‌ಡಿಎಲ್ ಅನ್ನು ಅದು ನುಂಗುತ್ತದೆ. ನುಂಗಿದ್ದು ಜಾಸ್ತಿಯಾಗಿ, ಹೊರಹಾಕಲಾಗದೆ, ಕೊಬ್ಬಿನ ಹನಿ ತುಂಬಿ ನೊರೆಯಂತೆ ಕಾಣುತ್ತದೆ. ಪ್ರಯೋಗಾಲಯದಲ್ಲಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್ ಎಂಬ ವಿಷ ತಗುಲಿದ ಮ್ಯಾಕ್ರೊಫೇಜ್‌ಗಳಲ್ಲೂ ಕೊಬ್ಬು ಹೀಗೇ ಸೇರಿತು ಎಂದು ಸರಿಯಾಗಿಯೇ ಬರೆದಿದ್ದೀಯ.

ಆಮೇಲೆ ಯಾಕೆ ಅವಸರ ಮಾಡಿದೆ? ನೀನು ಹೇಳಿದ 2005ರ ಅಮೆರಿಕದ ಪ್ರಯೋಗದಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ಮಾಲಿನ್ಯದ ಕಣಗಳ ಗಾಳಿಯನ್ನು ಆರು ತಿಂಗಳು ಉಸಿರಾಡಿದ್ದು ಇಲಿಗಳು. ರಕ್ತನಾಳದಲ್ಲಿ ಬೇಗ ಕೊಬ್ಬು ಕಟ್ಟಲೆಂದೇ ಜೀನ್ ಬದಲಿಸಿದ ಇಲಿಗಳು. ಅವುಗಳಲ್ಲೂ ಕೊಬ್ಬಿನ ಆಹಾರ ತಿಂದವುಗಳಲ್ಲೇ ವ್ಯತ್ಯಾಸ ಸ್ಪಷ್ಟವಾಗಿ ಕಂಡದ್ದು. ನೀನು ಇದನ್ನೆಲ್ಲ ಬಿಟ್ಟು, ‘ಹೊಗೆ ಕುಡಿದವರ ರಕ್ತನಾಳ ಕಟ್ಟಿಕೊಳ್ಳುತ್ತದೆ’ ಎಂದು ಮುಗಿಸಿದ್ದೀಯ. ‘ಕಟ್ಟಿಕೊಳ್ಳಬಹುದು’ ಅಂದರೆ ಲೇಖನ ಸಪ್ಪೆಯಾಗುತ್ತದೆ ಅನಿಸಿತು, ಅಲ್ವಾ?

ನನಗೂ ಹಾಗೇ ಅನಿಸಿತ್ತು. ಬಹಳ ವರ್ಷಗಳ ಹಿಂದೆ ಒಲೆಯ ಹೊಗೆ ಮತ್ತು ಹೃದಯದ ಬಗ್ಗೆ ಬರೆದೆ. ಸಂಪಾದಕರೊಬ್ಬರು ನನ್ನ ‘ಬಹುದು’ಗಳನ್ನೆಲ್ಲ ಹೊಡೆದುಹಾಕಿದರು. ಆ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಲೇಖನಕ್ಕೆ ಹೊಗಳಿಕೆ ಬಂತು, ನಾನು ಸುಮ್ಮನಿದ್ದೆ. ತಪ್ಪು ನನ್ನದೂ ಹೌದು. ತಿಂಗಳ ನಂತರ ಒಬ್ಬ ಹೆಂಗಸಿನಿಂದ ಇನ್‌ಲ್ಯಾಂಡ್ ಪತ್ರ ಬಂತು. ‘ನಮ್ಮ ಯಜಮಾನರು ಹಾರ್ಟ್ ಅಟ್ಯಾಕಿನಲ್ಲಿ ಹೋದರು. ನಾನು ಸೌದೆ ಒಲೆ ಹಚ್ಚಿ ಹಚ್ಚಿ ಅವರನ್ನು ಕೊಂದೆನಾ?’

ಕೆಟ್ಟ ಗಾಳಿಗೂ ಹೃದಯದ ಕಾಯಿಲೆಗೂ ನಂಟಿರುವುದು ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಕಂಡಿದೆ. ಅದನ್ನು ಜೋರಾಗಿಯೇ ಬರೆ. ಆದರೆ ಇಂಥ ಒಬ್ಬ ಮನುಷ್ಯ ಇಂಥ ಒಲೆಯಿಂದಲೇ ಸತ್ತ ಎಂದು ಯಾವ ಅಧ್ಯಯನವೂ ಹೇಳುವುದಿಲ್ಲ. ಆ ತಾಯಿಗೆ ಇದನ್ನು ಬರೆಯಲು ನಾನು ಎರಡು ವಾರ ತಡಮಾಡಿದೆ. ಅವರಿಂದ ಮತ್ತೆ ಉತ್ತರ ಬರಲಿಲ್ಲ.

ಇಲಿಯ ಪ್ಯಾರಾ ತಿದ್ದಿ ಕಳಿಸು. ಬೀದಿ ಗುಡಿಸುವವರ ಹೋಲಿಕೆ ಮಾತ್ರ ಮುಟ್ಟಬೇಡ.

ನಿನ್ನ,
ಅಣ್ಣ