ಸಾಲಿನ ದಿಕ್ಕನ್ನೂ ಒಂದು ಸಾಲಲ್ಲಿ ಬರೆಯಿರಿ

ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಹಿಂಗಾರಿ ಜೋಳದ ಬಿತ್ತನೆ ಬಗ್ಗೆ ಬಂದ ಬರಹ ಓದಿದೆ. ಬೀಜೋಪಚಾರ, ಎಕರೆಗೆ ಬೀಜ ಎಷ್ಟು, ಸಾಲಿನಿಂದ ಸಾಲಿಗೆ 45 ಸೆಂ.ಮೀ., ಎಲ್ಲಾ ಇತ್ತು. ಸಾಲು ಯಾವ ದಿಕ್ಕಿಗೆ ಇರಬೇಕು ಅನ್ನೋದು ಮಾತ್ರ ಇರಲಿಲ್ಲ. ಈಗ ಅದನ್ನು ತೀರ್ಮಾನಿಸುವವನು ಟ್ರ್ಯಾಕ್ಟರ್ ಡ್ರೈವರ್. ಹೊಲದ ಉದ್ದ ಎತ್ತ ಇದೆಯೋ ಅತ್ತ ಕೂರಿಗೆ. ತಿರುವು ಕಡಿಮೆ, ಡೀಸೆಲ್ ಉಳಿಯುತ್ತದೆ.

ನನ್ನದು ನಾಲ್ಕು ಎಕರೆ ಎರೆ ಹೊಲ. ಉದ್ದ ಉತ್ತರ-ದಕ್ಷಿಣ. ಹೋದ ವರ್ಷ ಮಾಲದಂಡಿ ತಳಿಯ ಜೋಳ ಬಿತ್ತಿಸಿದಾಗ ಸಾಲುಗಳೂ ಹಾಗೇ ಹೋದವು. ಟ್ರ್ಯಾಕ್ಟರ್ ತಿರುಗಲು ಬಿಟ್ಟ ಎರಡು ತುದಿಗಳಲ್ಲಿ ಮಾತ್ರ ಕೊನೆಗೆ ಡ್ರೈವರ್ ಅಡ್ಡ, ಅಂದರೆ ಪೂರ್ವ-ಪಶ್ಚಿಮವಾಗಿ ಬಿತ್ತಿದ. ನವೆಂಬರ್ ನಡುವೆ, ಪೈರು ಮೊಣಕಾಲೆತ್ತರ ಇದ್ದಾಗ, ಬುತ್ತಿ ಬಿಚ್ಚುವ ಹೊತ್ತಿಗೆ ಬರಿಗಾಲಲ್ಲಿ ನಡೆದರೆ ವ್ಯತ್ಯಾಸ ಅಂಗಾಲಿಗೇ ತಿಳಿಯುತ್ತಿತ್ತು. ಉದ್ದ ಸಾಲುಗಳ ನಡುವೆ ನೆಲ ಚುರುಗುಟ್ಟುತ್ತಿತ್ತು. ಅಡ್ಡ ಸಾಲುಗಳಲ್ಲಿ ನೆರಳು, ಬಿರುಕೂ ಸಣ್ಣವು. (ತುದಿ ಅಂದರೆ ಟ್ರ್ಯಾಕ್ಟರ್ ತುಳಿದ ನೆಲ. ಹಾಗಾಗಿ ಇಳುವರಿ ಹೋಲಿಸಲು ಹೋಗುವುದಿಲ್ಲ.)

ಇದರಲ್ಲಿ ಮಾಯವೇನಿಲ್ಲ. ಆ ದಿನಗಳಲ್ಲಿ ವಿಜಯಪುರದ ಕಡೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 55 ಡಿಗ್ರಿ ಎತ್ತರದಲ್ಲಿರುತ್ತಾನೆ. 45 ಸೆಂ.ಮೀ. ಎತ್ತರದ ಪೈರಿನ ನೆರಳು ಉತ್ತರಕ್ಕೆ ಸುಮಾರು 32 ಸೆಂ.ಮೀ. ಚಾಚುತ್ತದೆ. ಪೂರ್ವ-ಪಶ್ಚಿಮ ಸಾಲಾದರೆ ನಡುವಿನ ನೆಲದ ಹೆಚ್ಚು ಪಾಲು ಮುಚ್ಚುತ್ತದೆ. ಉತ್ತರ-ದಕ್ಷಿಣ ಸಾಲಾದರೆ ನೆರಳು ಅದೇ ಸಾಲಿನ ಪಕ್ಕದ ಗಿಡದ ಮೇಲೆ ಬಿದ್ದು ವ್ಯರ್ಥ. ಬಿಸಿಲು ಎಲೆಗೆ ಬಿದ್ದರೆ ಪೈರು ಬೆಳೆಯುತ್ತದೆ. ಹಸಿ ನೆಲಕ್ಕೆ ಬಿದ್ದರೆ ನೀರು ಸುಮ್ನೆ ಆವಿಯಾಗುತ್ತದೆ. ನೆಲ ಒಣಗಿದ ಮೇಲೆ ಅದೇ ಬಿಸಿಲು ಮಣ್ಣನ್ನೂ ಗಾಳಿಯನ್ನೂ ಕಾಯಿಸಿ ಎಲೆಯನ್ನು ಬಾಡಿಸುತ್ತದೆ. ಉಳಿದ ಹಸಿಯ ಮೇಲೇ ನಿಂತ ಬೆಳೆಗೆ ಇದು ಸಣ್ಣ ಮಾತಲ್ಲ, ಅಲ್ವಾ?

ಮುಂಗಾರಿಗೆ ಇದೇ ಲೆಕ್ಕ ತಿರುಗುಮುರುಗು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಆಸುಪಾಸಿನಲ್ಲೇ, ತುಸು ಉತ್ತರಕ್ಕೆ ಇರುತ್ತಾನೆ. ಆಗ ಪೂರ್ವ-ಪಶ್ಚಿಮ ಸಾಲುಗಳ ನಡುವೆ ದಿನವಿಡೀ ಬಿಸಿಲು ನುಗ್ಗುತ್ತದೆ. ಉತ್ತರ-ದಕ್ಷಿಣ ಸಾಲಿನಲ್ಲಿ ಬೆಳಗ್ಗೆ ಮತ್ತು ಸಂಜೆಯಾದರೂ ನೆರಳು ಸಿಗುತ್ತದೆ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗೋಧಿ, ಬಾರ್ಲಿ ಮೇಲೆ ಮಾಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಪೂರ್ವ-ಪಶ್ಚಿಮ ಸಾಲುಗಳಲ್ಲಿ ಕಳೆ ಕಡಿಮೆ, ಕಾಳು ಜಾಸ್ತಿ ಬಂದಿತ್ತು. ಅಲ್ಲೂ ಅವು ಚಳಿಗಾಲದ ಬೆಳೆಗಳೇ, ಸೂರ್ಯ ವಾಲಿರುವ ಕಾಲದವು.

ಹಾಗಂತ ದಿಕ್ಸೂಚಿ ಹಿಡಿದು ಬಿತ್ತಬೇಕಿಲ್ಲ. ಮೊದಲು ಇಳಿಜಾರು ನೋಡಬೇಕು, ಸಾಲು ಅದಕ್ಕೆ ಅಡ್ಡ ಇದ್ದರೆ ಮಳೆನೀರು ಹರಿದು ಹೋಗದೆ ನಿಲ್ಲುತ್ತದೆ. ನನ್ನ ಹೊಲ ದಕ್ಷಿಣಕ್ಕೆ ಇಳಿದಿದೆ, ಅಡ್ಡ ಬಿತ್ತಿದರೆ ಎರಡೂ ಲಾಭ. ಪಕ್ಕದ ಹೊಲ ಪೂರ್ವಕ್ಕೆ ಇಳಿದಿದೆ, ಅವರು ಉತ್ತರ-ದಕ್ಷಿಣವೇ ಬಿತ್ತಲಿ. ಹರಿದು ಹೋದ ನೀರಿಗೆ ನೆರಳು ಮಾಡಿ ಏನು ಪ್ರಯೋಜನ? ಹಿಂಗಾರಿಯ ಮೂಡಗಾಳಿಯೂ ಪೂರ್ವ-ಪಶ್ಚಿಮ ಸಾಲಿನೊಳಗೆ ಸಲೀಸಾಗಿ ನುಗ್ಗಿ ಲಾಭದಲ್ಲಿ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಮೂಡಣ ಬದುವಿಗೆ ತೊಗರಿಯ ನಾಲ್ಕು ಸಾಲಿದ್ದರೆ ಅದಕ್ಕೊಂದು ತಡೆ.

ಇಷ್ಟನ್ನು ಬೀಜದ ಲೆಕ್ಕದ ಪಕ್ಕದಲ್ಲೇ ಹಾಕಲು ನಿಮ್ಮ ಪುಟದಲ್ಲಿ ಜಾಗ ಸಿಗಲಿ. ಈ ಸಲ ಅಡ್ಡ ಬಿತ್ತು ಅಂತ ಡ್ರೈವರ್‌ಗೆ ಹೇಳಿದ್ದೇನೆ. ತಿರುವು ಜಾಸ್ತಿ ಅಂತ ಎಕರೆಗೆ ನೂರು ರೂಪಾಯಿ ಹೆಚ್ಚು ಕೇಳಿದ. ಒಪ್ಪಿಕೊಂಡಿದ್ದೇನೆ.

– ಒಬ್ಬ ರೈತ, ಬಸವನಬಾಗೇವಾಡಿ ತಾಲ್ಲೂಕು