ರಸ್ತೆ ಸುರಕ್ಷತೆಯ ಜಾಗೃತಿ ಪ್ರದರ್ಶನಕ್ಕೆ ನೆರವು ಕೋರಿ ನಮ್ಮ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜನಪ್ರತಿನಿಧಿಗಳೇ,

ರಸ್ತೆ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡ ನಾವು ಕೆಲವರು ಸೇರಿ ಒಂದು ಜಾಗೃತಿ ಪ್ರದರ್ಶನವನ್ನು ಏರ್ಪಡಿಸಲು ಹೊರಟಿದ್ದೇವೆ. ರಸ್ತೆಯಲ್ಲಿ ಮಡಿದವರ ಸ್ಮರಣೆಗಾಗಿ ವಿಶ್ವಸಂಸ್ಥೆಯ ಮಹಾಸಭೆಯು 2005ರಲ್ಲಿ ಮಾನ್ಯ ಮಾಡಿದ ದಿನವಾದ ನವೆಂಬರ್ ತಿಂಗಳ ಮೂರನೆಯ ಭಾನುವಾರದಂದು ಅದನ್ನು ತೆರೆಯಬೇಕೆಂಬುದು ನಮ್ಮ ಆಸೆ. ಬೇಕಾದ ಹಣವನ್ನೂ ಸಾಮಗ್ರಿಯನ್ನೂ ಜನರಿಂದಲೇ ಕೂಡಿಸುತ್ತಿದ್ದೇವೆ. ಹಾಗಿದ್ದ ಮೇಲೆ ತಮಗೇಕೆ ಪತ್ರ ಎಂದು ತಾವು ಕೇಳಬಹುದು. ಜನರು ಎಷ್ಟೇ ಉದಾರವಾಗಿ ಕೊಟ್ಟರೂ ಅವರ ಕೈಯಲ್ಲಿಲ್ಲದ ಕೆಲವು ಸಂಗತಿಗಳಿವೆ, ಅವು ತಮ್ಮ ಕೈಯಲ್ಲಿವೆ.

ಈ ಪ್ರದರ್ಶನಕ್ಕೆ ಬಂದ ಮೊದಲ ವಸ್ತು ನನ್ನ ತಮ್ಮನ ಹೆಲ್ಮೆಟ್. ಅದರ ಮೇಲೆ ಒಂದು ಗೀರೂ ಇಲ್ಲ, ಏಕೆಂದರೆ ಆ ದಿನ ಅದು ಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಬಿದ್ದಿತ್ತು. ಸರಿಯಾಗಿ ಧರಿಸಿದ ಹೆಲ್ಮೆಟ್ ಮಿದುಳಿನ ಗಾಯದ ಅಪಾಯವನ್ನು ಶೇ. 74ರವರೆಗೂ ತಗ್ಗಿಸಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸಂಸ್ಥೆಯ 2023ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸುಮಾರು 11.9 ಲಕ್ಷ ಜನ ಸತ್ತರು, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಪಾದಚಾರಿಗಳು, ಸೈಕಲ್ ಸವಾರರು ಮತ್ತು ದ್ವಿಚಕ್ರ ವಾಹನ ಸವಾರರು. ಈ ಅಂಕಿಗಳನ್ನು ಗೋಡೆಯ ಮೇಲೆ ಬರೆದರೆ ನೋಡುವವರು ಓದಿ ಮುಂದೆ ಸಾಗುತ್ತಾರೆ. ಗೀರಿಲ್ಲದ ಆ ಹೆಲ್ಮೆಟ್ಟಿನ ಮುಂದೆ ಮಾತ್ರ ಯಾರೂ ಸುಮ್ಮನೆ ದಾಟಿ ಹೋಗಲಾರರು ಎಂಬ ನಂಬಿಕೆಯಿಂದಲೇ ನಾವು ಮುದ್ರಿತ ಫಲಕಗಳಿಗಿಂತ ಜನರು ಕೊಟ್ಟ ವಸ್ತುಗಳಿಂದ ಪ್ರದರ್ಶನ ಕಟ್ಟಲು ನಿರ್ಧರಿಸಿದೆವು.

ಹೀಗೆ ಮಾಡಿದವರಲ್ಲಿ ನಾವು ಮೊದಲಿಗರಲ್ಲ. ಏಡ್ಸ್‌ನಿಂದ ಸತ್ತವರ ಹೆಸರುಗಳನ್ನು ಹೊತ್ತ ಬಟ್ಟೆಯ ಕೌದಿಯನ್ನು 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು, ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ, ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. ಆ ಕೆಲಸಕ್ಕೆ ಹೊಲಿಗೆ ಯಂತ್ರಗಳು ಕೂಡ ದಾನವಾಗಿಯೇ ಬಂದಿದ್ದವು. ಸೈಕಲ್ ಸವಾರರು ಸತ್ತ ಜಾಗದಲ್ಲಿ ಬಿಳಿ ಬಣ್ಣ ಬಳಿದ ಹಳೆಯ ಸೈಕಲ್ ನಿಲ್ಲಿಸುವ ‘ಘೋಸ್ಟ್ ಬೈಕ್’ ಪದ್ಧತಿ 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಶುರುವಾಗಿ ಹಲವು ದೇಶಗಳಿಗೆ ಹಬ್ಬಿತು. ಅದಕ್ಕೆ ಬೇಕಾದುದು ಗುಜರಿಗೆ ಹೋಗಬೇಕಿದ್ದ ಒಂದು ಸೈಕಲ್ ಮತ್ತು ಒಂದು ಡಬ್ಬಿ ಬಣ್ಣ, ಅಷ್ಟೆ.

ಆದರೆ ಸತ್ತವರ ವಸ್ತುವನ್ನು ಕೇಳಿ ಪಡೆಯುವುದು ಹಲಗೆ, ದೀಪಗಳನ್ನು ಕೇಳಿ ಪಡೆದಂತಲ್ಲ, ಮತ್ತು ನಮ್ಮ ಶ್ರಮದ ಬಹುಪಾಲು ಇದಕ್ಕೇ ಹೋಗುತ್ತಿದೆ. ಚಪ್ಪಲಿ, ಕನ್ನಡಕ, ಶಾಲೆಯ ಚೀಲ, ಯಾವುದೇ ಇರಲಿ, ತಂದವರ ಕೈಗೆ ಅದೇ ಕ್ಷಣ ರಸೀದಿ ಕೊಡುತ್ತೇವೆ. ಅದು ದಾನವೋ, ಎರವಲೋ, ಎರವಲಾದರೆ ಯಾವ ದಿನ ಹಿಂದಿರುಗಿಸಬೇಕು, ಸತ್ತವರ ಹೆಸರನ್ನು ಬರೆಯಬಹುದೋ ಬಾರದೋ, ಬಂದಾಗ ಅದರ ಸ್ಥಿತಿ ಹೇಗಿತ್ತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಇದು ದಿನನಿತ್ಯದ ಕ್ರಮ. ಮನಸ್ಸು ಬದಲಾದರೆ ಪ್ರದರ್ಶನದ ನಡುವೆಯೂ ವಸ್ತುವನ್ನು ಮರಳಿ ಒಯ್ಯುವ ಹಕ್ಕು ಮನೆಯವರಿಗೆ ಇದೆ, ಕಾರಣ ಕೇಳುವುದಿಲ್ಲ. ವಸ್ತು ಒಪ್ಪಿಸುವಾಗ ಫೋಟೋ ತೆಗೆಯುವುದನ್ನೂ ನಿಷೇಧಿಸಿದ್ದೇವೆ. ಬಟ್ಟೆಯ ಮೇಲಿನ ಕಲೆಯನ್ನು ತೊಳೆಯಬೇಕೇ ಎಂದು ಒಬ್ಬ ತಾಯಿ ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಕೊನೆಗೆ ಆ ತೀರ್ಮಾನ ಅವರದೇ ಎಂದೆವು. ಅವರು ತೊಳೆದು, ಇಸ್ತ್ರಿ ಮಾಡಿ ತಂದುಕೊಟ್ಟರು.

ಉಳಿದ ಸಾಮಗ್ರಿಯ ವಿಷಯ ಸರಳ. ಬೇಕಾದ ಪ್ಲೈವುಡ್, ಬಟ್ಟೆ, ದೀಪ, ಮೇಜುಗಳ ಪಟ್ಟಿಯನ್ನು ಅಳತೆ ಸಮೇತ ಪ್ರಕಟಿಸಿದ್ದೇವೆ, ಪಟ್ಟಿಯಲ್ಲಿ ಇಲ್ಲದ್ದನ್ನು ವಿನಯದಿಂದ ನಿರಾಕರಿಸುತ್ತೇವೆ. ಬೇಡದ ದಾನಕ್ಕೂ ಸಾಗಣೆ ಬೇಕು, ಇಡಲು ಜಾಗ ಬೇಕು.

ಹಣದ ಬಗ್ಗೆ ಎರಡು ನಿಯಮ ಮಾಡಿಕೊಂಡಿದ್ದೇವೆ. ಬಂದ ಪ್ರತಿ ದೇಣಿಗೆಯೂ, ಆದ ಪ್ರತಿ ಖರ್ಚೂ ಪ್ರದರ್ಶನದ ಬಾಗಿಲಲ್ಲೇ ಎಲ್ಲರಿಗೂ ಕಾಣುವಂತೆ ಬರೆದಿರಬೇಕು, ದಾನಿ ಬಯಸಿದರೆ ಹೆಸರು ಮಾತ್ರ ಬಿಡಬಹುದು. ಎರಡನೆಯದಾಗಿ, ಮದ್ಯ ಮಾರುವವರಿಂದ ಮತ್ತು ವೇಗವನ್ನೇ ಆಕರ್ಷಣೆಯಾಗಿ ತೋರಿಸಿ ವಾಹನ ಮಾರುವವರಿಂದ ಹಣ ಪಡೆಯುವುದಿಲ್ಲ. ಇದರಿಂದ ನಾವು ಈಗಾಗಲೇ ಒಂದು ದೊಡ್ಡ ಮೊತ್ತವನ್ನು ಬಿಟ್ಟುಕೊಟ್ಟಿದ್ದೇವೆ. ನಮ್ಮ ತಂಡದಲ್ಲಿ ಕೆಲವರಿಗೆ ಅದು ಅವಿವೇಕವೆನಿಸಿತು, ನನಗೆ ಈಗಲೂ ಅದು ಸರಿಯೆಂದೇ ಅನಿಸುತ್ತದೆ.

ಈಗ ತಮ್ಮಲ್ಲಿ ನಮ್ಮ ಕೋರಿಕೆ. ಗಂಟೆಗೆ 60 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆ ಸೆಕೆಂಡು ಕಳೆದಿರುತ್ತದೆ, ಅಲ್ಲಿಂದ ಮುಂದೆ ಒಣ ರಸ್ತೆಯಲ್ಲಿಯೂ ವಾಹನ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಈ ದೂರವನ್ನು ನೆಲದ ಮೇಲೆ ಪಟ್ಟಿ ಎಳೆದು, ಅದರ ಉದ್ದಕ್ಕೂ ದಾನವಾಗಿ ಬಂದ ಪಾದರಕ್ಷೆಗಳನ್ನು ಸಾಲಾಗಿ ಇಟ್ಟು, ಜನರು ಪಕ್ಕದಲ್ಲಿ ನಡೆದು ನೋಡುವಂತೆ ಮಾಡಬೇಕು. ಅದಕ್ಕೆ 40 ಮೀಟರಿನಷ್ಟು ಉದ್ದದ, ಗಾಲಿಕುರ್ಚಿಯಲ್ಲಿ ಬರುವವರಿಗೂ ಅಡ್ಡಿಯಿಲ್ಲದ ಒಂದು ಪಡಸಾಲೆ ಬೇಕು. ಅಷ್ಟು ದೊಡ್ಡ ಜಾಗ ನಮಗೆ ಪರಿಚಯದ ಯಾರಲ್ಲೂ ಇಲ್ಲ, ಸಾರ್ವಜನಿಕ ಕಟ್ಟಡಗಳಲ್ಲಿ ಇದೆ. ಹತ್ತು ದಿನಗಳ ಮಟ್ಟಿಗೆ ಅದನ್ನು ಬಾಡಿಗೆಯಿಲ್ಲದೆ ಕೊಡಿಸಿಕೊಡಿ. ಹಾಗೆಯೇ, ತನಿಖೆ ಮತ್ತು ವಿಚಾರಣೆ ಮುಗಿದು, ಪಡೆಯಲು ಯಾರೂ ಬಾರದೆ ತುಕ್ಕು ಹಿಡಿಯುತ್ತಿರುವ ಅಪಘಾತದ ವಾಹನಗಳಲ್ಲಿ ಒಂದನ್ನು ಕಾನೂನಿಗೆ ಒಳಪಟ್ಟು ಎರವಲು ಕೊಡಲು ಸಂಬಂಧಪಟ್ಟ ಇಲಾಖೆಗೆ ಒಂದು ಮಾತು ಬರೆಯಿರಿ.

ತಾವು ವೈಯಕ್ತಿಕವಾಗಿ ದೇಣಿಗೆ ಕೊಟ್ಟರೆ ಸಂತೋಷದಿಂದ ಸ್ವೀಕರಿಸುತ್ತೇವೆ. ಅದೂ ಬಾಗಿಲಿನ ಪಟ್ಟಿಯಲ್ಲಿ, ಉಳಿದವರ ಹೆಸರುಗಳ ನಡುವೆ, ಅದೇ ಗಾತ್ರದ ಅಕ್ಷರಗಳಲ್ಲಿ ಇರುತ್ತದೆ. ಭಾವಚಿತ್ರಗಳಿಗೆ ಅಲ್ಲಿ ಜಾಗವಿಲ್ಲ, ಅಲ್ಲಿರಬೇಕಾದ ಮುಖಗಳು ಬೇರೆಯವರವು.

ಇನ್ನೊಂದು ಮಾತನ್ನು ಮುಂಚಿತವಾಗಿಯೇ ಹೇಳುವುದು ಪ್ರಾಮಾಣಿಕವಾದೀತು. ಪ್ರದರ್ಶನದ ಕೊನೆಯ ಗೋಡೆಯಲ್ಲಿ ಕಾಲುದಾರಿಯಿಲ್ಲದ, ದೀಪವಿಲ್ಲದ, ದಾಟಲು ಗುರುತಿಲ್ಲದ ರಸ್ತೆಗಳ ನಕ್ಷೆ ಇರುತ್ತದೆ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಪ್ರಾಣವೇ ದಂಡವಾಗದಂತೆ ರಸ್ತೆಯನ್ನು ರೂಪಿಸುವುದು ಅದನ್ನು ನಿರ್ಮಿಸುವವರ ಹೊಣೆ ಎಂಬ ‘ವಿಷನ್ ಜೀರೋ’ ನೀತಿಯನ್ನು ಸ್ವೀಡನ್ನಿನ ಸಂಸತ್ತು 1997ರಲ್ಲೇ ಅಂಗೀಕರಿಸಿತು. ಹೆಲ್ಮೆಟ್ ಮರೆತ ನನ್ನ ತಮ್ಮನ ತಪ್ಪನ್ನು ಮೊದಲ ಮೇಜಿನ ಮೇಲೆ ನಾನೇ ಇಟ್ಟಿದ್ದೇನೆ. ಆದ್ದರಿಂದ ಕೊನೆಯ ಗೋಡೆಯಲ್ಲಿ ಆಡಳಿತದ ಪಾಲನ್ನು ತೋರಿಸುವಾಗ ಅದನ್ನು ತೆಗೆಯಿರಿ ಎಂಬ ಷರತ್ತು ಜಾಗದ ಜೊತೆಗೆ ಬಾರದಿರಲಿ. ಬದಲಿಗೆ ಒಂದು ದಿನ ರಸ್ತೆಗಳ ಹೊಣೆ ಹೊತ್ತ ಎಂಜಿನಿಯರರನ್ನು ಕರೆದುಕೊಂಡು ಬಂದು, ಆ ನಕ್ಷೆಯ ಮುಂದೆ ಒಂದು ಗಂಟೆ ಜನರ ಪ್ರಶ್ನೆಗಳಿಗೆ ಉತ್ತರ ಕೊಡಿ.

ಪಡಸಾಲೆ ಸಿಗುವುದೋ ಇಲ್ಲವೋ ಎಂಬುದನ್ನು ಸೆಪ್ಟೆಂಬರ್ ಕೊನೆಯೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ವಸ್ತು ಕೊಟ್ಟ ಮನೆಯವರಿಗೆ ಅವು ಎಲ್ಲಿ, ಹೇಗೆ ಇರುತ್ತವೆ ಎಂದು ನಾವು ಅಷ್ಟರಲ್ಲಿ ಹೇಳಬೇಕಾಗಿದೆ.

ಗೌರವಪೂರ್ವಕವಾಗಿ,
ಪ್ರದರ್ಶನದ ಸಿದ್ಧತಾ ತಂಡದ ಪರವಾಗಿ ಒಬ್ಬ ಅಕ್ಕ