ಪಾರ್ಸಲ್ ಬಂತು, ಬೆಲ್ಟು ನಿಮ್ಮಪ್ಪ ಹಾಕಿಕೊಂಡಿದ್ದಾರೆ

ನವನಗರ, ಬಾಗಲಕೋಟೆ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದ.

ನೀನು ಕಳಿಸಿದ ಪಾರ್ಸಲ್ ಮೊನ್ನೆ ಮಧ್ಯಾಹ್ನ ಬಂತು. ನಿಮ್ಮಪ್ಪ ಕತ್ತರಿ ಹಿಡಿದು ಬಿಚ್ಚಿ, ಮದುವೆ ಮನೆಯ ಆಯೇರಿ ಹಾಗೆ ಒಂದೊಂದೇ ಸಾಮಾನು ಮಂಚದ ಮೇಲೆ ಸಾಲಾಗಿ ಇಟ್ಟರು. ಸೊಂಟದ ಬೆಲ್ಟು, ಕ್ಯಾಲ್ಸಿಯಂ ಗುಳಿಗೆ ಡಬ್ಬಿ, ಪ್ರೋಟೀನ್ ಪುಡಿ, ನೋವಿನ ಸ್ಪ್ರೇ, ಮತ್ತೆ ಆ ಕಡಿಮೆ ಸೋಡಿಯಂ ಉಪ್ಪು. ಎಷ್ಟು ರೊಕ್ಕ ಹಾಕಿದಿಯೋ ಏನೋ. ಖುಷಿಯೂ ಆಯಿತು, ಸ್ವಲ್ಪ ಸಿಟ್ಟೂ ಬಂತು. ಫೋನಿನಲ್ಲಿ ಹೇಳಲು ಹೋದರೆ "ಅವ್ವಾ, ನೀ ಯಾರ ಮಾತೂ ಕೇಳಂಗಿಲ್ಲ" ಅಂತ ನಡುವೆ ಬಾಯಿ ಹಾಕುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಅರ್ಧ ತಾಸು ನೀನೂ ಕೈಕಟ್ಟಿ ಕುಳಿತು ಓದು.

ಮೊದಲು ಬೆನ್ನಿನ ವಿಷಯ. ಹೋಳಿ ಹೊತ್ತಿಗೆ ನಿನಗೆ "ಸೊಂಟ ಹಿಡಿದಿದೆ" ಅಂತಷ್ಟೇ ಹೇಳಿದ್ದೆವು. ಆಗ ನೀನು ಹೊಸ ಕೆಲಸಕ್ಕೆ ಸೇರಿ ಎಂಟು ದಿನ ಆಗಿತ್ತು. ಅದು ಹಿಡಿದದ್ದಲ್ಲ, ಮುರಿದದ್ದು.

ಅವತ್ತು ಬೆಳಿಗ್ಗೆ ನಳ ಬಂದಿತ್ತು. ಓಣಿಯ ಹುಡುಗರು ಹಲಗಿ ಬಡಿಯುತ್ತಿದ್ದರು. ತುಂಬಿದ ಕೊಡ ಎತ್ತಿ ಕಟ್ಟೆ ಮೇಲೆ ಇಡೋಣ ಅಂತ ಬಗ್ಗಿದೆ. ಒಣ ಪುಳ್ಳಿ ಮುರಿದ ಹಾಗೆ ಒಳಗೆ ಏನೋ ಚಟಕ್ ಅಂತು. ಬೀಳಲಿಲ್ಲ. ಕೊಡವನ್ನೂ ಬೀಳಿಸಲಿಲ್ಲ, ಮೆಲ್ಲಗೆ ಕೆಳಗೆ ಇಟ್ಟು ಗೋಡೆ ಹಿಡಿದು ನಿಂತೆ. ನಿಮ್ಮಪ್ಪನನ್ನು ಕರೆದರೆ ಆ ಹಲಗಿ ಸದ್ದಿನಲ್ಲಿ ಅವರಿಗೆ ಕೇಳಿಸಲೇ ಇಲ್ಲ. ಜೋರಾಗಿ ಕರೆಯಲು ಉಸಿರು ಎಳೆದರೆ ಜೀವ ಹೋದ ಹಾಗೆ ಆಗುತ್ತಿತ್ತು. ಕೊಡದ ನೀರಲ್ಲಿ ನನ್ನ ಮುಖ ಅಲ್ಲಾಡುವುದನ್ನು ನೋಡುತ್ತ ಎಷ್ಟೋ ಹೊತ್ತು ಹಾಗೇ ನಿಂತಿದ್ದೆ.

"ಎಲ್ಲೆರೆ ಬಿದ್ದಿದ್ರೇನ್ರಿ?" ಅಂತ ಡಾಕ್ಟರು ಎರಡು ಸಲ ಕೇಳಿದರು. ಬಿದ್ದೇ ಇರಲಿಲ್ಲ. ಸೊಂಟದ ಮೊದಲನೇ ಮಣಿ, ಎಲ್ ಒನ್ ಅಂತಾರೆ, ಅದರ ಮುಂಭಾಗ ಕುಸಿದು ಬೆಣೆಯ ಹಾಗೆ ಆಗಿತ್ತು. ಹಳೇ ಬಾಗಲಕೋಟೆಯ ನಮ್ಮ ಮನೆಯ ಹಿತ್ತಲ ಗೋಡೆ ನೆನಪಿದೆಯಾ? ಹೊರಗೆ ಸುಣ್ಣ ಬಳಿದು ಚಂದ ಕಾಣುತ್ತಿತ್ತು. ಒಳಗೊಳಗೇ ಮಣ್ಣು ಉದುರಿ ಒಂದು ಮಳೆಗಾಲದಲ್ಲಿ ಸದ್ದಿಲ್ಲದೆ ಕುಂತುಬಿಟ್ಟಿತು. ನನ್ನ ಮಣಿಯದೂ ಅದೇ ಕಥೆ.

ಗುರುತು ಮೊದಲೇ ಇತ್ತು. ನನಗೇ ತಿಳಿಯಲಿಲ್ಲ. ಕಪಾಟಿನ ಕನ್ನಡಿಯ ಮೇಲೆ ನಾನು ಟಿಕಳಿ ಅಂಟಿಸಿಡುತ್ತೇನಲ್ಲ, ಹಣೆಗೆ ಸರಿಯಾಗಿ. ಒಂದು ದಿನ ನೋಡಿದರೆ ಹಳೇ ಟಿಕಳಿಗಳೆಲ್ಲ ತಲೆಗಿಂತ ಮೇಲೆ ಇವೆ. ಕಪಾಟು ಸರಿಸಿದಿರಾ ಅಂತ ನಿಮ್ಮಪ್ಪನಿಗೆ ಬೈದೆ. ಇಳಕಲ್ ಸೀರೆಯ ಅಂಚು ನೆಲಕ್ಕೆ ತಾಗಿ ಕೊಳೆಯಾಗುತ್ತಿತ್ತು, ಉಡುವುದೇ ಮರೆತೆನಾ ಅಂದುಕೊಂಡೆ. ಅಳತೆ ಮಾಡಿದಾಗ ನಾಲ್ಕು ಸೆಂಟಿಮೀಟರ್ ಕುಳ್ಳಾಗಿದ್ದೆ.

ಕಿಡ್ನಿ ವಿಷಯ ನಿನಗೆ ಗೊತ್ತೇ ಇದೆ. ಈ ಊರಿನವರಿಗೆ ಎರಡು ನಂಬರು ಬಾಯಿಪಾಠ, ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟ, 519.60 ಮತ್ತು 524.256 ಮೀಟರ್. ನನಗೆ ಈಗ ಮೂರನೆಯದೂ ಇದೆ, 26. ಕಿಡ್ನಿ ಸೋಸಿ ಹೊರಗೆ ಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ 2.1 ಬಂದಿತ್ತು, 63 ವರ್ಷದ ಹೆಂಗಸಿಗೆ ಲೆಕ್ಕ ಹಾಕಿದರೆ ಇಜಿಎಫ್ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಳತೆ, 26. ಹದಿನೈದರಿಂದ ಇಪ್ಪತ್ತೊಂಬತ್ತರ ಒಳಗಿದ್ದರೆ ಕಿಡ್ನಿ ಕಾಯಿಲೆಯ ನಾಲ್ಕನೇ ಹಂತ. ಡಯಾಲಿಸಿಸ್ ಇನ್ನೂ ಬೇಕಾಗಿಲ್ಲ.

"ಕಿಡ್ನಿಗೂ ಎಲುಬಿಗೂ ಏನು ಸಂಬಂಧ?" ಅಂತ ನೀನು ಕೇಳಿದ್ದೆ. ನಾನೂ ಡಾಕ್ಟರಿಗೆ ಅದನ್ನೇ ಕೇಳಿದೆ. ಕಿಡ್ನಿ ಬರೀ ಸೋಸುವ ಜರಡಿ ಅಲ್ಲ. ಬಿಸಿಲಿನಿಂದ, ಊಟದಿಂದ ಬರುವ ವಿಟಮಿನ್ ಡಿಯನ್ನು ಕೆಲಸಕ್ಕೆ ಬರುವಂತೆ ಕೊನೆಗೆ ಹದ ಮಾಡುವುದೂ ಅದೇ. ಹೆಚ್ಚಾದ ರಂಜಕ, ಅಂದರೆ ಫಾಸ್ಫರಸ್ಸು, ಹೊರಗೆ ಹಾಕುವುದೂ ಅದೇ. ಅದು ಸೋತಾಗ ರಂಜಕ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ನಾಲ್ಕು ಗ್ರಂಥಿಗಳಿವೆಯಂತೆ. ಅವು ಗಾಬರಿಯಾಗಿ ಎಲುಬಿನಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಹಾಕುತ್ತವೆ. ನಿಮ್ಮ ಮುತ್ಯಾನ ಮನೆಯಲ್ಲಿ ಹಗೇವು ಇತ್ತಲ್ಲ, ಜೋಳ ತುಂಬಿಡುವುದು. ದಿನಾ ಒಂದೊಂದು ಬುಟ್ಟಿ ತೆಗೆಯುವುದೇ ಆಗಿ, ತುಂಬುವವರು ಯಾರೂ ಇಲ್ಲದಿದ್ದರೆ? ಅದರ ಮೇಲೆ ಮುಟ್ಟು ನಿಂತ ಮೇಲಿನ ಸವೆತ ಬೇರೆ. ಎರಡೂ ಕೂಡಿಕೊಂಡಿವೆ.

ಎಲುಬಿನ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನಿಗೆ ಬೆಳಗಾವಿಗೆ ಹೋಗಿದ್ದೆವು. ಸ್ಕ್ಯಾನು ಏನೂ ನೋವಿಲ್ಲ, ಸುಮ್ನೆ ಮಲಗಿದ್ದರೆ ಸಾಕು. ನೋವೆಲ್ಲ ಬಸ್ಸಿನದು. ಕಲಾದಗಿಯಿಂದ ಯರಗಟ್ಟಿವರೆಗೆ ಎಷ್ಟು ಹಂಪು ಇವೆ ಅಂತ ನನ್ನ ಬೆನ್ನನ್ನು ಕೇಳು. ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವೆಯುವ ಕಾಯಿಲೆ, ಅನ್ನುತ್ತಾರೆ. ನನ್ನದು ಮೈನಸ್ 3.1.

ಎದುರು ಮನೆ ಅಕ್ಕನಿಗೂ ಇದೇ ಕಾಯಿಲೆ. ಅವರು ಪ್ರತಿ ಸೋಮವಾರ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ ನುಂಗಿ, ಒಂದು ಗ್ಲಾಸು ನೀರು ಕುಡಿದು, ಅರ್ಧ ತಾಸು ನೆಟ್ಟಗೆ ಕೂಡುತ್ತಾರೆ. "ಅದೇ ಚೀಟಿ ತೋರಿಸಿ ನೀವೂ ತಗೋರಿ" ಅಂದರು. ನಾನೂ ತರಿಸುವವಳೇ ಇದ್ದೆ. ಕಿಡ್ನಿ ಡಾಕ್ಟರು ಬೇಡ ಅಂದರು. ಆ ಗುಳಿಗೆ ಹೊರಗೆ ಹೋಗಬೇಕಾದ್ದು ಕಿಡ್ನಿಯಿಂದಲೇ, ಆ ಸೋಸುವ ನಂಬರು 35ಕ್ಕಿಂತ ಕೆಳಗಿರುವವರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅಕ್ಕನಿಗೆ ಅಮೃತ ಆದದ್ದು ನನಗೆ ಆಗಿಬರುವುದಿಲ್ಲ.

ನನಗೆ ಕೊಟ್ಟಿದ್ದು ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಹಾಕುವ ಇಂಜೆಕ್ಷನ್ನು, ಡೆನೊಸುಮ್ಯಾಬ್ ಅಂತ. ಕೊಡುವ ಮುಂಚೆ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ, ಕುತ್ತಿಗೆಯ ಆ ನಾಲ್ಕು ಗ್ರಂಥಿಗಳ ಹಾರ್ಮೋನು ಪಿಟಿಎಚ್, ಎಲ್ಲ ನೋಡಿದರು. ವಿಟಮಿನ್ ಡಿ ತಳ ಮುಟ್ಟಿತ್ತು, ಮೊದಲು ಅದನ್ನು ಸರಿ ಮಾಡಿದರು. ಕಿಡ್ನಿ ಸೋತವರಲ್ಲಿ ಈ ಇಂಜೆಕ್ಷನ್ನಿನಿಂದ ಕ್ಯಾಲ್ಸಿಯಂ ಒಮ್ಮೆಲೇ ಕುಸಿಯಬಹುದು, ಅದಕ್ಕೇ ಹಾಕಿದ ಮೇಲೆ ಮತ್ತೆ ರಕ್ತ ತೆಗೆದರು. ಬಾಯಿ ಸುತ್ತ ಜುಮುಗುಟ್ಟಿದರೆ, ಕೈಕಾಲು ಸೆಟೆದರೆ ತಕ್ಷಣ ಬರಬೇಕು ಅಂದಿದ್ದಾರೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಿದರು: ಇದನ್ನು ನಡುವೆ ಬಿಡುವ ಹಾಗಿಲ್ಲ. ತಾರೀಖು ತಪ್ಪಿಸಿ ಸುಮ್ಮನಾದರೆ ಕಟ್ಟಿದ ಎಲುಬು ಬೇಗ ಸವೆದು ಬೆನ್ನುಮಣಿಗಳು ಒಂದರ ಹಿಂದೆ ಒಂದು ಮುರಿಯಬಹುದು. ಮೊದಲನೆಯದು ಮೇ 14ಕ್ಕೆ ಆಗಿದೆ. ಮುಂದಿನದು ನವೆಂಬರ್ 14. ಇದನ್ನು ನಿನ್ನ ಫೋನಿನಲ್ಲಿ ಈಗಲೇ ಹಾಕಿಕೋ, ಆಮೇಲೆ ಮುಂದೆ ಓದು.

ಈಗ ನಾನು ಯಾರಿಗೂ ಹೇಳದ ವಿಷಯ. ಸಾಲಿಯಲ್ಲಿ ದಿನಾ ಐದು ತಾಸು ನಿಂತು ಪಾಠ ಮಾಡಿ ಕಾಲು, ಸೊಂಟ ಹರಿಯುತ್ತಿದ್ದವು. ಸಂಜೆ ಮೆಡಿಕಲ್ ಅಂಗಡಿಗೆ ಹೋಗಿ "ನೋವಿನ ಗುಳಿಗೆ ಕೊಡ್ರಿ" ಅನ್ನುತ್ತಿದ್ದೆ, ಚೀಟಿ ಇಲ್ಲದೇ ಕೊಡುತ್ತಿದ್ದರು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಏನು ಕೊಟ್ಟರೆ ಅದು. ಹತ್ತು ಹನ್ನೆರಡು ವರ್ಷ. ಪರ್ಸಿನಲ್ಲಿ ಚಾಕ್‌ಪೀಸಿನ ಜೊತೆಗೇ ಒಂದು ಪಟ್ಟಿ ಇರುತ್ತಿತ್ತು. ಆ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಿಪಿ ಎಷ್ಟು ಹಾಳು ಮಾಡಿತು, ಗುಳಿಗೆ ಎಷ್ಟು ಮಾಡಿತು ಅಂತ ಈಗ ಬಿಡಿಸಿ ಹೇಳಲು ಆಗುವುದಿಲ್ಲವಂತೆ. ಮೊನ್ನೆ ನೀನು ಮಾತಿನ ನಡುವೆ "ತಲೆನೋವಿಗೆ ಎರಡು ನುಂಗಿದೆ" ಅಂದೆಯಲ್ಲ, ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾವ ಗುಳಿಗೆ, ವಾರಕ್ಕೆ ಎಷ್ಟು, ನನಗೆ ಬರೆದು ಕಳಿಸು. ತಪ್ಪಿಸಿಕೊಳ್ಳಬೇಡ. ನನಗೆ ಈಗ ಪ್ಯಾರಾಸಿಟಮಾಲ್ ಒಂದೇ ಗತಿ, ಅದೂ ಡಾಕ್ಟರು ಹೇಳಿದಷ್ಟೇ. ಅರ್ಧ ನೋವು ಹೋಗುತ್ತದೆ, ಇನ್ನರ್ಧ ಮನೆಯಲ್ಲೇ ಇರುತ್ತದೆ, ಅಳಿಯನ ಹಾಗೆ. (ನಿನ್ನ ಗಂಡನಿಗೆ ಓದಿ ಹೇಳಬೇಡ.)

ಇನ್ನು ನಿನ್ನ ಪಾರ್ಸಲ್. ಉಪ್ಪಿನ ಪಾಕೀಟು ನೋಡಿ ಎದೆ ಧಸಕ್ಕೆಂದಿತು. ಅದರಲ್ಲಿ ಸೋಡಿಯಂ ಕಡಿಮೆ ಮಾಡಿ ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬಿಪಿ ಇದ್ದು ಕಿಡ್ನಿ ಚೆನ್ನಾಗಿರುವವರಿಗೆ ಅದು ಒಳ್ಳೆಯದಿರಬಹುದು. ನನ್ನ ಕಿಡ್ನಿ ಪೊಟ್ಯಾಸಿಯಂ ಸರಿಯಾಗಿ ಹೊರಗೆ ಹಾಕುವುದಿಲ್ಲ, ಅದು ರಕ್ತದಲ್ಲಿ ಏರಿದರೆ ಎದೆಬಡಿತವೇ ತಪ್ಪಬಹುದು. ಅದನ್ನು ಯಾರಿಗೂ ಕೊಡಲಿಲ್ಲ, ತಿಪ್ಪೆಗೆ ಹೋಯಿತು. ನಾನು ಸಾದಾ ಉಪ್ಪನ್ನೇ ತಿನ್ನುತ್ತೇನೆ, ಕಡಿಮೆ ತಿನ್ನುತ್ತೇನೆ. ನಮ್ಮ ಜೋಳದ ರೊಟ್ಟಿಗೆ ಹೇಗೂ ಉಪ್ಪು ಹಾಕುವುದಿಲ್ಲ, ಆ ಪುಣ್ಯ ಇದೆ. ಕಷ್ಟ ಇರುವುದು ಉಪ್ಪಿನಕಾಯಿ, ಹಪ್ಪಳದ್ದು.

ಪ್ರೋಟೀನ್ ಪುಡಿ ನಿನ್ನ ಗಂಡನಿಗೆ ಇಟ್ಟಿದ್ದೇನೆ. ಕ್ಯಾಲ್ಸಿಯಂ ಗುಳಿಗೆ ಡಾಕ್ಟರಿಗೆ ತೋರಿಸದೆ ಮುಚ್ಚಳ ತೆಗೆಯುವುದಿಲ್ಲ, ಜಾಸ್ತಿಯಾದರೆ ಎಲುಬಿಗೆ ಹೋಗದೆ ರಕ್ತನಾಳಕ್ಕೆ ಹತ್ತಿಕೊಳ್ಳಬಹುದು. ಸ್ಪ್ರೇ ಮೇಲೂ ಅದೇ ಡೈಕ್ಲೋಫೆನಾಕ್ ಅಂತ ಬರೆದಿದೆ, ಅದನ್ನೂ ಕೇಳಿಯೇ ಹಚ್ಚುವುದು. ಬೆಲ್ಟು ಮುರಿದ ಹೊಸತರಲ್ಲಿ ಹಾಕಿದ್ದು ಸಾಕಾಯಿತು. ದಿನಾ ಕಟ್ಟಿದರೆ ಬೆನ್ನಿನ ಕಸುವು ಹೋಗುತ್ತದೆ. ನಿಮ್ಮಪ್ಪ ಅದನ್ನು ಸುತ್ತಿಕೊಂಡು ಗಿಡಕ್ಕೆ ನೀರು ಹಾಕುತ್ತಿದ್ದಾರೆ. ಅವರಿಗೆ ಸೊಂಟನೋವೇ ಇಲ್ಲ.

ಊಟದ್ದೇ ದೊಡ್ಡ ಸಂಕಟ. ಎಲುಬಿಗೆ ಹಾಲು ಮೊಸರು ಬೇಕು ಅಂತ ಎಲ್ಲರೂ ಹೇಳುತ್ತಾರೆ, ಅವುಗಳಲ್ಲಿ ರಂಜಕ ಜಾಸ್ತಿ. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಬಿಟ್ಟು ರೊಟ್ಟಿ ತಿನ್ನುವುದು ನನಗೆ ಇನ್ನೂ ರೂಢಿ ಆಗಿಲ್ಲ, ಆದರೆ ಶೇಂಗಾದಲ್ಲಿ ರಂಜಕವೂ ಇದೆ ಪೊಟ್ಯಾಸಿಯಮ್ಮೂ ಇದೆ. ಕಾಯಿಪಲ್ಯ ಹೆಚ್ಚಿ ಕುದಿಸಿ ನೀರು ಬಸಿದು ಒಗ್ಗರಣೆ ಹಾಕುತ್ತೇನೆ, ಪೊಟ್ಯಾಸಿಯಂ ಜೊತೆ ರುಚಿಯೂ ಬಸಿದು ಹೋಗುತ್ತದೆ. ಎಳನೀರು ಬಂದ್. ಪಂಚಮಿಗೆ ನೀನು ಬರಲಿಲ್ಲ, ಆದರೂ ಉಂಡಿ ಕಟ್ಟಿದೆ. ಶೇಂಗಾ ಉಂಡಿ ಒಂದರಲ್ಲಿ ಅರ್ಧ ತಿಂದೆ. ಉಳಿದರ್ಧ ಎಲ್ಲಿ ಅಂತ ಕೇಳಬೇಡ.

ಊರು ಬಿಟ್ಟು ಬೆಂಗಳೂರಿಗೆ ಬನ್ನಿ ಅಂತ ಮತ್ತೆ ಮತ್ತೆ ಅನ್ನಬೇಡ. ಆಲಮಟ್ಟಿಯ ಹಿನ್ನೀರು ಬರುತ್ತದೆ ಅಂತ ಹಳೇ ಊರನ್ನು ಒಮ್ಮೆ ಬಿಟ್ಟು ಬಂದಿದ್ದೇವೆ. ನೀನು ಆಗ ನಾಲ್ಕನೇ ಇಯತ್ತೆ, ಲಾರಿಯಲ್ಲಿ ಒಳಕಲ್ಲಿನ ಮೇಲೆ ಕುಳಿತು ಅತ್ತಿದ್ದೆ. ಇಲ್ಲಿ ರಸ್ತೆ ಅಗಲ, ಬೆಳಿಗ್ಗೆ ಇಪ್ಪತ್ತು ನಿಮಿಷ ನಡೆಯುತ್ತೇನೆ. ಹಾಸಿಗೆಯಿಂದ ಮಗ್ಗಲಾಗಿ ಏಳುವುದು ಕಲಿತಿದ್ದೇನೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದಾಯಿತು. ಕೊಡ ಹೋಯಿತು, ಈಗ ತಂಬಿಗೆ ತಂಬಿಗೆ ತುಂಬುವುದು.

ನಿನಗೆ ಏನಾದರೂ ಕಳಿಸಲೇಬೇಕು ಅನ್ನಿಸಿದರೆ ಉದ್ದ ಹಿಡಿಕೆಯ ಕಸಬರಿಗೆ ಕಳಿಸು. ನಿಂತು ಕಸ ಹೊಡೆಯುವಂಥದ್ದು. ಇಲ್ಲಿ ಸಿಗುವುದೆಲ್ಲ ಮೊಣಕೈ ಉದ್ದ, ಬಗ್ಗಲೇಬೇಕು. ನಿಮ್ಮಪ್ಪ ಹಳೇ ಕಸಬರಿಗೆಗೆ ಕೊಡೆಯ ಕೋಲು ಕಟ್ಟಿಕೊಟ್ಟಿದ್ದಾರೆ, ಎರಡು ದಿನಕ್ಕೊಮ್ಮೆ ಬಿಚ್ಚಿಕೊಳ್ಳುತ್ತದೆ. ನವೆಂಬರ್ 14ಕ್ಕೆ ನೀನೇ ಬರುವುದಾದರೆ ಕೈಯಲ್ಲೇ ಹಿಡಿದುಕೊಂಡು ಬಾ. ರೈಲಿನಲ್ಲಿ ಮೇಲಿನ ಬರ್ತಿನ ಮೇಲೆ ಇಡಬಹುದು.

ಇಂತಿ,
ನಿನ್ನ ಅವ್ವ